ಯಾವ ರೋಗಾಣುವನ್ನು ಗುರುತಿಸಬೇಕು ಅಂತ ಟಿ ಕೋಶಗಳಿಗೆ (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಿಗೆ) ಯಾರು ಕಲಿಸುತ್ತಾರೆ?

ಯಾರೂ ಕಲಿಸುವುದಿಲ್ಲ. ರೋಗಾಣು ಮೈಯೊಳಗೆ ಬರುವ ಮೊದಲೇ ಅದು ತೀರ್ಮಾನವಾಗಿರುತ್ತದೆ, ಅದೂ ಲಾಟರಿ ಎತ್ತಿದ ಹಾಗೆ.

ಎಳೆಯ ಕೋಶಗಳು ಮೂಳೆಯ ಮಜ್ಜೆಯಿಂದ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ಬರುತ್ತವೆ. ಅಲ್ಲಿ ರ‍್ಯಾಗ್ ಎಂಬ ಕಿಣ್ವ ಅವುಗಳ ಡಿಎನ್‌ಎಯನ್ನೇ ಕತ್ತರಿಸುತ್ತದೆ. ರೋಗಾಣುವನ್ನು ಗುರುತಿಸಲು ಕೋಶದ ಮೇಲಿರುವ ಪ್ರೋಟೀನೇ ಗ್ರಾಹಕ; ಅದಕ್ಕೆ ಆಲ್ಫಾ, ಬೀಟಾ ಎಂಬ ಎರಡು ಸರಪಳಿ. ಬೀಟಾ ಸರಪಳಿಯ ಜೀನಿಗೆ ವಿ, ಡಿ, ಜೆ ಎಂಬ ಡಿಎನ್‌ಎ ತುಂಡುಗಳ ಗುಂಪುಗಳಿಂದ ಒಂದೊಂದು ತುಂಡು ಸೇರಿಕೊಳ್ಳುತ್ತದೆ. ಮನುಷ್ಯರಲ್ಲಿ ವಿ ಸುಮಾರು 50, ಡಿ 2, ಜೆ 13. ಇಷ್ಟೇ ಆದರೆ ಸಾವಿರ ಚಿಲ್ಲರೆ ಬಗೆ ಆಗಬಹುದು, ಅಲ್ವಾ? ನಿಜವಾದ ವೈವಿಧ್ಯ ಹುಟ್ಟೋದು ಬೆಸುಗೆಯಲ್ಲಿ. ಟಿಡಿಟಿ ಎಂಬ ಕಿಣ್ವ ತುಂಡುಗಳ ನಡುವೆ ಯಾವ ಮಾದರಿಯೂ ಇಲ್ಲದೆ ಸುಮ್ನೆ ಒಂದಷ್ಟು ಡಿಎನ್‌ಎ ಅಕ್ಷರ ಸೇರಿಸುತ್ತದೆ. ರೋಗಾಣುವಿನ ಪ್ರೋಟೀನ್ ಚೂರಿಗೆ ಜಾಸ್ತಿ ತಾಗುವುದೂ ಈ ಬೆಸುಗೆಯ ಜಾಗವೇ. ಆಲ್ಫಾ ಸರಪಳಿ ಇದಾದ ಮೇಲೆ ತಯಾರಾಗುತ್ತದೆ.

ಆಮೇಲೆ ಪರೀಕ್ಷೆ. ಪ್ರೋಟೀನ್ ಚೂರುಗಳನ್ನು ಹಿಡಿದು ಟಿ ಕೋಶಗಳಿಗೆ ತೋರಿಸುವ ನಮ್ಮ ಎಂಎಚ್‌ಸಿ ಅಣುವನ್ನು ಹಿಡಿಯಲಾಗದ ಕೋಶ ಸಾಯುತ್ತದೆ. ಮೈಯದೇ ಪ್ರೋಟೀನನ್ನು ಬಿಗಿಯಾಗಿ ಹಿಡಿಯುವುದೂ ಸಾಯುತ್ತದೆ, ಕೆಲವು ಮಾತ್ರ ಬೇರೆ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಕೋಶಗಳಾಗುತ್ತವೆ. ನನಗೆ ತುಂಬಾ ಅಚ್ಚರಿ ಅನಿಸುವುದು ಏರ್ ಎಂಬ ಜೀನ್. ಇನ್ಸುಲಿನ್‌ನಂಥ ಬೇರೆ ಅಂಗಗಳ ಪ್ರೋಟೀನುಗಳನ್ನೂ ಅದು ಥೈಮಸ್‌ನಲ್ಲೇ ತಯಾರಿಸಿ ಈ ಪರೀಕ್ಷೆಗೆ ಇಡುತ್ತದೆ. ಏರ್ ಕೆಟ್ಟವರಲ್ಲಿ ಟಿ ಕೋಶಗಳು ಮೂತ್ರಪಿಂಡದ ಮೇಲಿರುವ ಅಡ್ರಿನಲ್‌ನಂಥ ಸ್ವಂತ ಗ್ರಂಥಿಗಳ ಮೇಲೇ ಬೀಳುತ್ತವೆ.