ಯುದ್ಧ ಮತ್ತು ಜನಾಭಿಪ್ರಾಯ: ನಿಮ್ಮ ಚರ್ಚಾಸ್ಪರ್ಧೆಯ ಪ್ರಶ್ನೆಗೆ

ಯುದ್ಧದ ವಿಷಯದಲ್ಲಿ ನಾಯಕರು ಜನಾಭಿಪ್ರಾಯದಂತೆಯೇ ನಡೆಯಬೇಕಿಲ್ಲ ಎಂದು ವಾದಿಸುತ್ತಿದ್ದೀರಿ, ಎದುರಾಳಿಗೆ ಹೇಗೆ ಉತ್ತರಿಸಲಿ ಎಂದು ಕೇಳಿದ್ದೀರಿ. ಜನಾಭಿಪ್ರಾಯಕ್ಕೆ ಕಿವಿಗೊಡುವುದು ಬೇರೆ, ಅದು ಹೇಳಿದಂತೆ ಕುಣಿಯುವುದು ಬೇರೆ. ಇವೆರಡನ್ನೂ ಒಂದೇ ಮಾಡಿರುವುದರಿಂದಲೇ "ಹಾಗಾದರೆ ಪ್ರಜಾಪ್ರಭುತ್ವ ಯಾಕೆ ಬೇಕು?" ಎಂದು ಎದುರಾಳಿ ಕೇಳಿದ ಕೂಡಲೇ ನಿಮ್ಮ ವಾದ ನಿಂತುಬಿಡುತ್ತಿದೆ ಅನ್ಸುತ್ತೆ.

ಮೊದಲು ಆ ವ್ಯತ್ಯಾಸ ಹೇಳಿ. ಆಮೇಲೆ 1971ರ ಭಾರತ-ಪಾಕಿಸ್ತಾನ ಯುದ್ಧದ ಉದಾಹರಣೆ ತನ್ನಿ. ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಹತ್ತಿರ ಹತ್ತಿರ ಒಂದು ಕೋಟಿ ನಿರಾಶ್ರಿತರು ಬಂದರು, ಈಗಲೇ ನುಗ್ಗಿ ಎಂಬ ಒತ್ತಡ ಜಾಸ್ತಿ ಇತ್ತು, ಆದರೂ ಇಂದಿರಾ ಗಾಂಧಿ ತಿಂಗಳುಗಟ್ಟಲೆ ಕಾದರು. ಯುದ್ಧ ಶುರುವಾಗಿದ್ದು ಡಿಸೆಂಬರ್ 3ಕ್ಕೆ, ಢಾಕಾದಲ್ಲಿ ಶರಣಾಗತಿ 16ಕ್ಕೆ. ಕಾದಿದ್ದರಿಂದಲೇ ಗೆದ್ದೆವು ಎಂದು ಮಾತ್ರ ಹೇಳಬೇಡಿ, ಅದನ್ನು ಸಾಬೀತು ಮಾಡುವುದು ಕಷ್ಟ.

ಎದುರಾಳಿ ಇರಾಕ್ ಯುದ್ಧದ ಮಾತು ತೆಗೆಯಬಹುದು. 2003ರ ಫೆಬ್ರವರಿ 15ಕ್ಕೆ ಲಂಡನ್‌ನಲ್ಲಿ ಲಕ್ಷಾಂತರ ಜನ ಯುದ್ಧ ಬೇಡ ಎಂದು ಬೀದಿಗಿಳಿದರು, ಆದರೂ ಮಾರ್ಚ್ 18ರಂದು ಬ್ರಿಟನ್ ಸಂಸತ್ತು ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಇರಾಕ್ ಬಳಿ ಇವೆ ಎಂದು ನೆಪ ಮಾಡಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಸಿಗಲೇ ಇಲ್ಲ. ಇದನ್ನು ಸುಮ್ನೆ ಒಪ್ಪಿಕೊಳ್ಳಿ. ಒಪ್ಪಿಕೊಂಡು, ನಾಯಕರು ಜನರ ಮುಂದೆ ನಿಜವಾದ ಕಾರಣ ಇಡಲೇಬೇಕು ಎಂಬಲ್ಲಿಗೆ ಬನ್ನಿ.

ಕೊನೆಗೆ ಊರಿನ ಮಾತು ಹೇಳಿ. ಕೊಪ್ಪಳದ ನಮ್ಮ ಓಣಿಯಲ್ಲಿ ಗಡಿಯಲ್ಲಿರುವ ಹುಡುಗನ ತಾಯಿ ರೊಟ್ಟಿ ಬಡಿಯುವಾಗಲೂ ಫೋನನ್ನು ಒಲೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ, ಹಿಟ್ಟಿನ ಕೈಯಲ್ಲೇ ಎತ್ತುತ್ತಾರೆ. ಟಿವಿ ಮುಂದೆ ಕೂಗುವವರ ದನಿಯಲ್ಲಿ ಇವರ ಅಭಿಪ್ರಾಯ ಕೇಳಿಸುವುದೇ ಇಲ್ಲ, ಅಲ್ವಾ? ಎದುರಾಳಿಗೆ ಈ ಪ್ರಶ್ನೆ ಕೇಳಿ ಕುಳಿತುಕೊಳ್ಳಿ.