ಅರ್ಮೇನಿಯನ್ ಅಕ್ಷರದ ಬಗ್ಗೆ ಮೇಷ್ಟ್ರ ಪತ್ರಕ್ಕೆ ಉತ್ತರ

ನಮಸ್ಕಾರ ಮೇಷ್ಟ್ರೇ. ಕಳೆದ ಸಂಚಿಕೆಯ ಅರ್ಮೇನಿಯನ್ ಲಿಪಿ ಲೇಖನ ಓದಿ, "ಒಬ್ಬ ಸನ್ಯಾಸಿ 36 ಅಕ್ಷರ ಬರೆದ ಮಾತ್ರಕ್ಕೆ ಒಂದು ಜನಾಂಗವೇ ಉಳೀತು ಅನ್ನೋದು ಉತ್ಪ್ರೇಕ್ಷೆ ಅಲ್ವಾ, ಇದಕ್ಕೂ ನಮ್ಮ ದೇಶಕ್ಕೂ ಏನಾದ್ರೂ ಸಂಬಂಧ ಇದೆಯಾ" ಅಂತ ಕೇಳಿದ್ದೀರಿ. ಬರೀ ಅಕ್ಷರ ಬರೆದಿಟ್ಟು ಸುಮ್ಮನಾಗಿದ್ರೆ ನಿಮ್ಮ ಮಾತೇ ಸರಿ.

ಕ್ರಿ.ಶ. 387ರ ಸುಮಾರಿಗೆ ರೋಮ್, ಪರ್ಷಿಯಾ ಎರಡೂ ಸೇರಿ ಅರ್ಮೇನಿಯಾನ ಹಂಚ್ಕೊಂಡಿದ್ವು. ಚರ್ಚಲ್ಲಿ ಓದ್ತಿದ್ದದ್ದು ಗ್ರೀಕು, ಸಿರಿಯಾಕ್ ಭಾಷೆಗಳಲ್ಲಿ, ಕೂತು ಕೇಳೋ ಹಳ್ಳಿ ಜನಕ್ಕೆ ಏನೂ ತಿಳೀತಿರ್ಲಿಲ್ಲ. ಊರೂರು ತಿರುಗಿ ಧರ್ಮ ಬೋಧಿಸ್ತಿದ್ದ ಆ ಸನ್ಯಾಸಿ ಮೆಸ್ರೋಪ್ ಮಾಷ್ಟೋತ್ಸ್‌ಗೆ ಕಾಡಿದ್ದು ಇದೇ. ಧರ್ಮಗುರು ಸಾಹಕ್, ರಾಜ ವ್ರಮ್‌ಶಾಪುಹ್ ಇಬ್ರೂ ಬೆನ್ನಿಗೆ ನಿಂತ್ರು. ಮೊದ್ಲು ದಾನಿಯೇಲ್ ಅನ್ನೋ ಸಿರಿಯನ್ ಬಿಷಪ್ ಹತ್ರ ಇದ್ದ ಅಕ್ಷರ ತರಿಸಿ ಮಕ್ಕಳಿಗೆ ಕಲಿಸಿ ನೋಡಿದ್ರು, ಅರ್ಮೇನಿಯನ್ ಉಚ್ಚಾರಣೆಗೆ ಅದು ಸಾಲ್ಲಿಲ್ಲ, ಆಮೇಲೆ ಮೆಸ್ರೋಪ್ ಶಿಷ್ಯರನ್ನ ಕರ್ಕೊಂಡು ಎಡೆಸ್ಸಾ, ಸಮೋಸಾಟಾ ಪಟ್ಟಣಗಳ ಕಡೆ ಹೋಗಿ 405ರ ಹೊತ್ತಿಗೆ ಹೊಸ ಲಿಪಿ ಮಾಡಿದ್ರು, ರುಫಿನಸ್ ಅನ್ನೋ ಗ್ರೀಕ್ ಲಿಪಿಕಾರ ಅದರ ರೂಪ ತಿದ್ದಿಕೊಟ್ಟ. ಇಷ್ಟೆಲ್ಲ ಗೊತ್ತಾಗಿರೋದು ಶಿಷ್ಯ ಕೊರ್ಯುನ್ ಬರೆದ ಜೀವನಚರಿತ್ರೆಯಿಂದ.

ನನ್ನ ಪ್ರಕಾರ ದೊಡ್ಡ ಕೆಲ್ಸ ಶುರುವಾಗಿದ್ದೇ ಇಲ್ಲಿಂದ. ಊರೂರಲ್ಲಿ ಶಾಲೆ ತೆರೆದ್ರು, ಹುಡುಗರನ್ನ ಎಡೆಸ್ಸಾಗೆ, ಕಾನ್‌ಸ್ಟಾಂಟಿನೋಪಲ್‌ಗೆ ಕಳಿಸಿ ಭಾಷೆ ಕಲಿಸಿದ್ರು, ಬೈಬಲ್ಲಿನ ಜ್ಞಾನೋಕ್ತಿಗಳಿಂದ ಅನುವಾದಕ್ಕೆ ಕೈ ಹಾಕಿದ್ರು. ಎಷ್ಟರ ಮಟ್ಟಿಗೆ ಅಂದ್ರೆ, ಚರ್ಚ್ ಇತಿಹಾಸಕಾರ ಯುಸೇಬಿಯಸ್ ಬರೆದ 'ಕ್ರಾನಿಕಲ್' ಅನ್ನೋ ಇತಿಹಾಸ ಗ್ರಂಥದ ಗ್ರೀಕ್ ಮೂಲ ಕಳೆದುಹೋಗಿದೆ, ಅದರ ಮೊದಲ ಭಾಗ ನಮಗೆ ಸಿಕ್ಕಿರೋದೇ ಅರ್ಮೇನಿಯನ್ ಅನುವಾದದಲ್ಲಿ. 428ರಲ್ಲಿ ಅರಸೊತ್ತಿಗೆ ಹೋಯ್ತು ಮೇಷ್ಟ್ರೇ, ಶಾಲೆ ಹೋಗ್ಲಿಲ್ಲ!

ಅಲ್ಲಿನ ಜನ ಪುಸ್ತಕಕ್ಕೆ ಜೀವ ಕೊಡೋರು. ಮೂಷ್ ಊರಿನ ಧರ್ಮೋಪದೇಶಗಳ ಹಸ್ತಪ್ರತಿ ಇದೆ, 1200ರ ಸುಮಾರಿಗೆ ಬರೆದದ್ದು, ತೂಕ ಹತ್ರ ಹತ್ರ 28 ಕೆಜಿ. ಒಟ್ಟೊಮನ್ ತುರ್ಕರು ಅರ್ಮೇನಿಯನ್ನರ ಮೇಲೆ ನಡೆಸಿದ 1915ರ ನರಮೇಧದಲ್ಲಿ ಇಬ್ಬರು ಹೆಂಗಸರು ಅದನ್ನ ಎರಡು ಪಾಲು ಮಾಡಿ ಹೊತ್ಕೊಂಡು ಹೊರಟ್ರು, ಪ್ರಾಣ ಉಳಿಸ್ಕೊಳ್ಳೋದೇ ಕಷ್ಟ ಇದ್ದಾಗ. ಒಂದು ಪಾಲು ಅರ್ಮೇನಿಯನ್ ಚರ್ಚಿನ ಮುಖ್ಯ ಪೀಠ ಇರೋ ಎಚ್ಮಿಯಾಡ್ಜಿನ್ ಸೇರ್ತು, ಇನ್ನೊಂದನ್ನ ಎರ್ಜುರುಮ್ ಪಟ್ಟಣದಲ್ಲಿ ಹೂತಿಟ್ಟಿದ್ರು, ಆಮೇಲೆ ಅದೂ ಸಿಕ್ತು. ಈಗ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನ ಮಾತೆನಾದರಾನ್ ಗ್ರಂಥಭಂಡಾರದಲ್ಲಿದೆ.

ಇನ್ನು ನಮ್ಮ ದೇಶದ ಸಂಬಂಧ. ಇದೆ, ಅದೂ ಪಕ್ಕದ ಮದ್ರಾಸಲ್ಲೇ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' 1794ರಲ್ಲಿ ಅಚ್ಚಾಗಿದ್ದು ಅಲ್ಲಿ, ಹೊರತಂದವರು ಹಾರುತ್ಯುನ್ ಶ್ಮಾವೋನ್ಯಾನ್ ಅನ್ನೋ ಪಾದ್ರಿ. ಅದರ ಬಗ್ಗೆ ಬೇರೆಯಾಗೇ ಒಂದು ಲೇಖನ ಹಾಕ್ತೀವಿ.

— ಸಂಪಾದಕ