ಹಳೆ ಹಾಲಿವುಡ್ ಪೋಸ್ಟರು: ಅಸಲಿ ಯಾವುದು, ಹರಾಜಿನ ಲೆಕ್ಕ ಹೇಗೆ?

ಹಳೆಯ ಹಾಲಿವುಡ್ ಚಿತ್ರಗಳ ಪೋಸ್ಟರ್, ಲಾಬಿ ಕಾರ್ಡ್, ಸಹಿ ಮಾಡಿದ ಫೋಟೊ, ಉಡುಪುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ.

ನಮ್ಮ ದೊಡ್ಡಪ್ಪ ಎಂ.ಜಿ. ರಸ್ತೆಯ ಚಿತ್ರಮಂದಿರವೊಂದರಲ್ಲಿ ಕೆಲಸಕ್ಕಿದ್ದರು. ಅವರ ಟ್ರಂಕಿನಲ್ಲಿ 1940ರ ದಶಕದ ಇಂಗ್ಲಿಷ್ ಚಿತ್ರಗಳ ಮಡಚಿದ ಪೋಸ್ಟರುಗಳು ಸಿಕ್ಕಿವೆ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಮಡಿಕೆ ಹೋಗಲು ಇಸ್ತ್ರಿ ಮಾಡಬಹುದೇ? (ಬೆಂಗಳೂರು)

ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿರಕ್ಕೂ ತರಬೇಡಿ. ಆ ಕಾಲದ ಕಾಗದದಲ್ಲಿ ಆಮ್ಲದ ಅಂಶ ಹೆಚ್ಚು. ಬಿಸಿ ತಗುಲಿದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಇನ್ನೊಂದು ವಿಷಯ, ಮಡಿಕೆ ಅಲ್ಲಿ ದೋಷವೇ ಅಲ್ಲ. ಅಮೆರಿಕದ ಪೋಸ್ಟರುಗಳನ್ನು ಚಿತ್ರಮಂದಿರಗಳಿಗೆ ಹಂಚುತ್ತಿದ್ದ ನ್ಯಾಷನಲ್ ಸ್ಕ್ರೀನ್ ಸರ್ವಿಸ್ 1980ರ ದಶಕದ ಆರಂಭದವರೆಗೂ ಅವನ್ನು ಮಡಚಿಯೇ ಕಳಿಸುತ್ತಿತ್ತು. ಒನ್ ಶೀಟ್ ಅಳತೆಯ ಪೋಸ್ಟರಿನಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಒಂದು ಮಡಿಕೆ ಇದ್ದು ಎಂಟು ಮನೆಗಳಾಗುತ್ತವೆ. 1942ರ ಪೋಸ್ಟರು ಒಂದೂ ಮಡಿಕೆಯಿಲ್ಲದೆ ನುಣ್ಣಗೆ ಸುರುಳಿಯಾಗಿ ಸಿಕ್ಕಿದರೆ, ಅನುಮಾನ ಪಡಬೇಕಾದದ್ದು ಅಂಥದ್ದರ ಮೇಲೆ.

ಮೊದಲು ಅಳತೆ ತೆಗೆಯಿರಿ. ಆ ಕಾಲದ ಒನ್ ಶೀಟ್ 27×41 ಇಂಚು. ಇನ್ಸರ್ಟ್ 14×36, ಹಾಫ್ ಶೀಟ್ 22×28, ವಿಂಡೋ ಕಾರ್ಡ್ 14×22, ಲಾಬಿ ಕಾರ್ಡ್ 11×14. ಅರ್ಧ ಇಂಚು ಹೆಚ್ಚುಕಡಿಮೆ ಇರಬಹುದು. ಆದರೆ 24×36 ಅಂದರೆ ಅದು ಅಂಗಡಿಯಲ್ಲಿ ಮಾರಲೆಂದೇ ಅಚ್ಚು ಹಾಕಿದ ಮರುಮುದ್ರಣ.

ಆಮೇಲೆ ಕೆಳಗಿನ ಅಂಚು ನೋಡಿ. 1940ರ ನಂತರ ಹೆಚ್ಚಿನ ಪೋಸ್ಟರುಗಳ ಬಲಮೂಲೆಯಲ್ಲಿ ‘42/’ ಎಂಬಂತೆ ಶುರುವಾಗುವ ಅಂಕಿ ಇರುತ್ತದೆ. ಓರೆಗೆರೆಗೆ ಮುಂಚಿನದು ವರ್ಷ, ನಂತರದ್ದು ಆ ವರ್ಷದ ಚಿತ್ರದ ಕ್ರಮಸಂಖ್ಯೆ. ವರ್ಷಕ್ಕೆ ಮುಂಚೆ ಇಂಗ್ಲಿಷಿನ ‘ಆರ್’ ಅಕ್ಷರವಿದ್ದರೆ ಚಿತ್ರ ಮರುಬಿಡುಗಡೆಯಾದಾಗಿನ ಪೋಸ್ಟರು. ಅದೂ ಹಳೆಯದೇ, ಅಸಲಿಯೇ, ಆದರೆ ಬೆಲೆ ಎಷ್ಟೋ ಪಾಲು ಕಡಿಮೆ. ಮಾರುವವರು ಈ ‘ಆರ್’ ಕಾಣದಂತೆ ಮೂಲೆ ಬಿಟ್ಟು ಫೋಟೊ ಹಾಕುವುದುಂಟು. ನಾಲ್ಕೂ ಮೂಲೆಗಳ ಫೋಟೊ ಕೇಳಿ. 1940ಕ್ಕಿಂತ ಮುಂಚಿನವುಗಳಲ್ಲಿ ಈ ಅಂಕಿ ಹುಡುಕಬೇಡಿ, ಕ್ಲೀವ್‌ಲ್ಯಾಂಡಿನ ಮಾರ್ಗನ್ ಲಿಥೋದಂಥ ಮುದ್ರಕರ ಹೆಸರು ಹುಡುಕಿ.

ಮೂರನೆಯದು ಹತ್ತು ಪಟ್ಟಿನ ಭೂತಗನ್ನಡಿ. ಅದನ್ನು ಚಿತ್ರದ ಮೇಲಲ್ಲ, ಅಕ್ಷರಗಳ ಮೇಲೆ ಇಡಿ. ಅಸಲಿಯಲ್ಲಿ ನಟರ ಹೆಸರಿನ ಅಕ್ಷರಗಳು ಒಂದೇ ಬಣ್ಣದ ಗಟ್ಟಿ ಶಾಯಿಯಲ್ಲಿ, ಅಂಚು ಚೊಕ್ಕವಾಗಿ ಬಿದ್ದಿರುತ್ತವೆ. ನಕಲಿ ಮಾಡುವವರು ಇಡೀ ಪೋಸ್ಟರಿನ ಫೋಟೊ ತೆಗೆದು ಅಚ್ಚು ಹಾಕುವುದರಿಂದ ಅಕ್ಷರಗಳೂ ಬಣ್ಣಬಣ್ಣದ ಸಣ್ಣ ಚುಕ್ಕಿಗಳಾಗಿ ಒಡೆದಿರುತ್ತವೆ. ಮೂಲದ ಮಡಿಕೆ, ಕಲೆಗಳ ಚಿತ್ರವೂ ನಕಲಿಯಲ್ಲಿ ಅಚ್ಚಾಗಿಬಿಟ್ಟಿರುವುದುಂಟು. ಬೆರಳಾಡಿಸಿದರೆ ಅಲ್ಲಿ ಮಡಿಕೆಯೇ ಇರುವುದಿಲ್ಲ!

ಕೊನೆಗೆ ದೀಪ ಆರಿಸಿ ಯುವಿ ಟಾರ್ಚ್ ಹಾಯಿಸಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ಹೊತ್ತಿಗೆ. 1930ರ ಪೋಸ್ಟರಿನ ಕಾಗದ ನೀಲಿಯಾಗಿ ಫಳಫಳಿಸಿದರೆ ವಿಷಯ ಮುಗಿಯಿತು. ಫಳಫಳಿಸದಿದ್ದರೆ ಮಾತ್ರ ಅಸಲಿ ಎಂದು ತೀರ್ಮಾನಿಸಬೇಡಿ, ಹಳೆ ಕಾಗದ ಹುಡುಕಿ ಅಚ್ಚು ಹಾಕುವವರೂ ಇದ್ದಾರೆ. ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಹೊಳೆದರೆ ಅದು ತೇಪೆ ಹಾಕಿ ಬಣ್ಣ ತುಂಬಿದ ಜಾಗ.

ಬೆನ್ನಿನ ಮೇಲಿನ ರಬ್ಬರ್ ಸ್ಟಾಂಪು, ಪೆನ್ಸಿಲ್ ಗುರುತು, ಚಿತ್ರಮಂದಿರದ ಹೆಸರು ಯಾವುದನ್ನೂ ಒರೆಸಬೇಡಿ. ಅವು ನಿಮ್ಮ ಪೋಸ್ಟರಿನ ಜಾತಕ. ನಿಮ್ಮವು ಇಲ್ಲಿನ ವಿತರಕರು ಇಲ್ಲೇ ಮುದ್ರಿಸಿದವಾಗಿದ್ದರೆ ಮೇಲೆ ಹೇಳಿದ ಅಂಕಿ, ಅಳತೆ ಯಾವುದೂ ಹೊಂದುವುದಿಲ್ಲ. ಅಂಥವನ್ನು ಬೇರೆಯಾಗಿಯೇ ಎತ್ತಿಡಿ.

ಪೋಸ್ಟರಿಗೆ ‘ಲಿನನ್ ಬ್ಯಾಕಿಂಗ್’ ಮಾಡಿಸಿದರೆ ಬೆಲೆ ಇಳಿಯುತ್ತದೆಯೇ? (ಧಾರವಾಡ)

ಸರಿಯಾಗಿ ಮಾಡಿಸಿದರೆ ಇಳಿಯುವುದಿಲ್ಲ. ಪೋಸ್ಟರಿನ ಬೆನ್ನಿಗೆ ಆಮ್ಲರಹಿತ ತೆಳು ಕಾಗದ, ಅದರ ಹಿಂದೆ ಬಟ್ಟೆ, ನಡುವೆ ಗೋಧಿ ಪಿಷ್ಟದ ಅಂಟು. ಬೇಕಾದಾಗ ನೀರಿನಲ್ಲೇ ಬಿಡಿಸಬಹುದು ಎಂಬುದೇ ಇದರ ಗುಣ. ಬಿಸಿ ಒತ್ತಿ ಬೋರ್ಡಿಗೆ ಅಂಟಿಸುವ ಡ್ರೈ ಮೌಂಟಿಂಗ್ ಮತ್ತು ಲ್ಯಾಮಿನೇಷನ್ ಮಾಡಿಸಿದರೆ ಮಾತ್ರ ಪೋಸ್ಟರು ಕೆಟ್ಟಂತೆ. ಅದನ್ನು ಹಿಂದಕ್ಕೆ ತರಲಾಗದು. ಕೊಳ್ಳುವಾಗ ಒಂದು ಎಚ್ಚರ: ಬ್ಯಾಕಿಂಗ್ ಮಾಡಿದ ಮೇಲೆ ಬೆನ್ನು ಕಾಣುವುದಿಲ್ಲ. ಯೂನಿವರ್ಸಲ್ ಕಂಪನಿಯ 1930ರ ದಶಕದ ಭಯಾನಕ ಚಿತ್ರಗಳ ನಕಲಿ ಪೋಸ್ಟರು, ಕಾರ್ಡುಗಳು ಅನುಭವಿ ಸಂಗ್ರಾಹಕರನ್ನೇ ಮೋಸ ಮಾಡಿ ನ್ಯಾಯಾಲಯದವರೆಗೆ ಹೋದದ್ದುಂಟು. ದುಬಾರಿ ವಸ್ತುವಾದರೆ ಬ್ಯಾಕಿಂಗ್‌ಗೆ ಮುಂಚಿನ ಎರಡೂ ಬದಿಯ ಫೋಟೊ ಕೇಳಿ. ಅದಿಲ್ಲದೆ ದೊಡ್ಡ ಮೊತ್ತ ಹಾಕುವುದು ನಮ್ಮ ಮಟ್ಟಿಗೆ ಜಾಣತನವಲ್ಲ.

ನಮ್ಮ ಮೈಸೂರಿನ ಸಾಬು ನಟಿಸಿದ ಚಿತ್ರಗಳ ಸಾಮಗ್ರಿ ಕೂಡಿಡುವ ಆಸೆ. ಎಲ್ಲಿಂದ ಶುರು ಮಾಡಲಿ? (ಮೈಸೂರು)

ಲಾಬಿ ಕಾರ್ಡಿನಿಂದ. ಚಿತ್ರಮಂದಿರದ ಮೊಗಸಾಲೆಯಲ್ಲಿ ಹಾಕಲು ಒಂದು ಚಿತ್ರಕ್ಕೆ ಸಾಮಾನ್ಯವಾಗಿ ಎಂಟು ಕಾರ್ಡು ಮುದ್ರಿಸುತ್ತಿದ್ದರು. ಒಂದು ಶೀರ್ಷಿಕೆಯದು, ಏಳು ದೃಶ್ಯಗಳವು. ಶೀರ್ಷಿಕೆ ಕಾರ್ಡು ಮತ್ತು ನಾಯಕನ ಮುಖ ದೊಡ್ಡದಾಗಿರುವ ಕಾರ್ಡಿಗೆ ಬೆಲೆ ಜಾಸ್ತಿ. ಮುಖ್ಯ ನಟರಿಲ್ಲದ ದೃಶ್ಯದ್ದನ್ನು ಈ ವ್ಯಾಪಾರದವರು ‘ಡೆಡ್ ಕಾರ್ಡ್’ ಎನ್ನುತ್ತಾರೆ. ಮೊದಲು ಅಗ್ಗದ ಒಂದು ಡೆಡ್ ಕಾರ್ಡ್ ಕೊಂಡು ಅದರ ದಪ್ಪ, ಮುದ್ರಣ, ವಾಸನೆ ಎಲ್ಲ ಪರಿಚಯ ಮಾಡಿಕೊಳ್ಳಿ. ಮುಂದೆ ನಕಲಿ ಕೈಗೆ ಬಂದಾಗ ಹೋಲಿಸಿ ನೋಡಲು ಅದೇ ನಿಮ್ಮ ಅಳತೆಗೋಲು.

ಕಾರಾಪುರದ ಸಾಬು ಬೆಳಕಿಗೆ ಬಂದದ್ದು 1937ರ ‘ಎಲಿಫೆಂಟ್ ಬಾಯ್’ನಿಂದ. ಹೊರಾಂಗಣ ಚಿತ್ರೀಕರಣ ಮೈಸೂರು ಸೀಮೆಯಲ್ಲೇ ಆಯಿತು. ಅದು ಬ್ರಿಟನ್ನಿನ ಲಂಡನ್ ಫಿಲ್ಮ್ಸ್ ಚಿತ್ರ. ಹೀಗಾಗಿ ಬ್ರಿಟಿಷ್ ಪೋಸ್ಟರು ಅಡ್ಡಲಾಗಿ 30×40 ಇಂಚಿನ ‘ಕ್ವಾಡ್’ ಆಗಿರುತ್ತದೆ. ಅಮೆರಿಕದ ಪೋಸ್ಟರು, ಕಾರ್ಡುಗಳು ಬೇರೆ. ಆಮೇಲೆ ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942), ಯೂನಿವರ್ಸಲ್‌ನ ‘ಅರೇಬಿಯನ್ ನೈಟ್ಸ್’ (1942), ‘ಕೋಬ್ರಾ ವುಮನ್’ (1944), ಮತ್ತೆ ಬ್ರಿಟನ್ನಿನ ‘ಬ್ಲ್ಯಾಕ್ ನಾರ್ಸಿಸಸ್’ (1947). ಹುಡುಕುವಾಗ ಗೊಂದಲವಾಗುವುದು ಒಂದೇ ಹೆಸರಿನ ಚಿತ್ರಗಳಿಂದ. ‘ಥೀಫ್ ಆಫ್ ಬಾಗ್ದಾದ್’ 1924ರಲ್ಲೂ ಬಂದಿದೆ, 1961ರಲ್ಲೂ ಬಂದಿದೆ. ‘ಜಂಗಲ್ ಬುಕ್’ ಅಂದೊಡನೆ 1967ರ ಡಿಸ್ನಿ ಕಾರ್ಟೂನೇ ರಾಶಿ ಬೀಳುತ್ತದೆ. ವರ್ಷ ಮತ್ತು ಸಾಬು ಹೆಸರು ಎರಡನ್ನೂ ಸೇರಿಸಿ ಹುಡುಕಿ. ‘ಕೋಬ್ರಾ ವುಮನ್’ ಕಾರ್ಡುಗಳಿಗೆ ನಾಯಕಿ ಮರಿಯಾ ಮಾಂಟೆಜ್ ಅಭಿಮಾನಿಗಳೂ ಪೈಪೋಟಿಗಿಳಿಯುತ್ತಾರೆ, ಆದ್ದರಿಂದ ಆಕೆ ಇಲ್ಲದ, ಸಾಬು ಇರುವ ಕಾರ್ಡಿಗೆ ಕಾಯುವುದು ಲಾಭ.

ಅಮೆರಿಕದ ಹರಾಜಿನಲ್ಲಿ 1000 ಡಾಲರಿಗೆ ಕೂಗಿ ಗೆದ್ದರೆ ಮನೆ ಬಾಗಿಲಿಗೆ ಬರುವಾಗ ಎಷ್ಟಾಗುತ್ತದೆ? (ಹುಬ್ಬಳ್ಳಿ)

1000 ಡಾಲರ್ ಎನ್ನುವುದು ಸುತ್ತಿಗೆ ಬಿದ್ದ ಬೆಲೆ. ಅದರ ಮೇಲೆ ಹರಾಜು ಸಂಸ್ಥೆ ಕೊಳ್ಳುವವರಿಂದ ‘ಬೈಯರ್ಸ್ ಪ್ರೀಮಿಯಂ’ ತೆಗೆದುಕೊಳ್ಳುತ್ತದೆ. ಶೇ 25 ಎಂದು ಹಿಡಿಯಿರಿ, 1250 ಆಯಿತು. ಪ್ಯಾಕಿಂಗ್, ಸಾಗಣೆ, ವಿಮೆಗೆ 100 ಡಾಲರ್ ಎಂದುಕೊಂಡರೆ 1350. ಇಲ್ಲಿಗೆ ಬಂದಮೇಲೆ ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಲೆಕ್ಕ ಹಾಕುವುದು 1000ದ ಮೇಲಲ್ಲ, ಸಾಗಣೆ, ವಿಮೆ ಸೇರಿದ ಮೊತ್ತದ ಮೇಲೆ. ದರ ವಸ್ತುವಿನ ಎಚ್‌ಎಸ್ ಕೋಡ್, ಅಂದರೆ ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಸಂಖ್ಯೆಯ ಮೇಲೆ ನಿಂತಿದೆ. ಮುದ್ರಿತ ಪೋಸ್ಟರಿಗೊಂದು, ಸಿನಿಮಾದಲ್ಲಿ ಬಳಸಿದ ಸಾಮಾನಿಗೊಂದು. ಬಿಡ್ ಹಾಕುವ ಮೊದಲೇ ಕೊರಿಯರ್ ಕಂಪನಿಯವರಿಂದ ಬರಹದಲ್ಲಿ ಕೇಳಿಕೊಳ್ಳಿ. ಹಾಗಾಗಿ ಲೆಕ್ಕ ಹಿಂದುಮುಂದಾಗಿ ಮಾಡಬೇಕು: ಒಟ್ಟು ಎಷ್ಟು ಕೊಡಬಲ್ಲೆ ಎಂದು ತೀರ್ಮಾನಿಸಿ, ಅದರಿಂದ ಇವನ್ನೆಲ್ಲ ಕಳೆದು ಉಳಿದದ್ದನ್ನು ಗರಿಷ್ಠ ಬಿಡ್ ಆಗಿ ಮೊದಲೇ ಬರೆದುಕೊಡಿ. ನಡುರಾತ್ರಿ ಪರದೆಯ ಮುಂದೆ ಕೂತು ಕೂಗುತ್ತ ಹೋದರೆ ಕೈ ನಿಲ್ಲುವುದಿಲ್ಲ.

ಬ್ಯಾಂಕ್ ಮೂಲಕ ಹಣ ಕಳಿಸಿದರೆ ಎಲ್‌ಆರ್‌ಎಸ್ (ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿದ ಯೋಜನೆ) ಮಿತಿ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್. ಪ್ಯಾನ್ ಬೇಕು. ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ಅದನ್ನು ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

‘ಡಲ್ಲಾಸ್‌ನಲ್ಲಿರುವ ತಮ್ಮನ ಮನೆಗೆ ಕಳಿಸಿ, ಬರುವಾಗ ತರುತ್ತಾನೆ’ ಎಂಬ ಉಪಾಯ ಅನೇಕರದು. ಅಲ್ಲಿಯ ವಿಳಾಸ ಕೊಟ್ಟರೆ ಆ ರಾಜ್ಯದ ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ, ಇಲ್ಲಿ ವಿಮಾನ ನಿಲ್ದಾಣದಲ್ಲಿ ಘೋಷಿಸುವುದೂ ತಪ್ಪುವುದಿಲ್ಲ. ಹಾಗೆಯೇ ಮಾರುವವರು ‘ಗಿಫ್ಟ್, 20 ಡಾಲರ್’ ಎಂದು ಬರೆದು ಕಳಿಸುತ್ತೇನೆ ಎಂದರೆ ಬೇಡ ಅನ್ನಿ. ದಾರಿಯಲ್ಲಿ ಕಳೆದರೆ ವಿಮೆ ಸಿಗುವುದೂ 20 ಡಾಲರೇ.

ಕ್ಯಾಟಲಾಗಿನಲ್ಲಿ ‘ಸ್ಕ್ರೀನ್ ಮ್ಯಾಚ್ಡ್’, ‘ಆಟ್ರಿಬ್ಯೂಟೆಡ್’ ಅಂತೆಲ್ಲ ಬರೆದಿರುತ್ತಾರಲ್ಲ, ವ್ಯತ್ಯಾಸವೇನು? (ದಾವಣಗೆರೆ)

ದುಡ್ಡಿನ ವ್ಯತ್ಯಾಸ. ‘ಸ್ಕ್ರೀನ್ ಮ್ಯಾಚ್ಡ್’ ಅಂದರೆ ಚಿತ್ರದ ಒಂದು ಫ್ರೇಮಿನಲ್ಲಿ ಕಾಣುವ ಗೀರು, ಹೊಲಿಗೆಯ ಓರೆ, ಬಟ್ಟೆಯ ಹೂವು ಹೊಲಿಗೆಗೆ ಸೇರುವ ಜಾಗ, ಇಂಥದೊಂದು ಗುರುತು ಈ ವಸ್ತುವಿನಲ್ಲೂ ಇದೆ ಎಂದು ಹೋಲಿಸಿ ತೋರಿಸಿದ್ದಾರೆ. ‘ಪ್ರೊಡಕ್ಷನ್ ಮೇಡ್’ ಅಂದರೆ ಚಿತ್ರಕ್ಕಾಗಿ ತಯಾರಾದದ್ದು, ಪರದೆಗೆ ಬಂತೋ ಇಲ್ಲವೋ ಹೇಳಿಲ್ಲ. ‘ಆಟ್ರಿಬ್ಯೂಟೆಡ್’ ಅಂದರೆ ಹಾಗೆಂದು ಹೇಳಲಾಗಿದೆ, ಅಷ್ಟೆ. ಉಡುಪಿನ ಒಳಗೆ ಹೊಲಿದ ಪಟ್ಟಿಯಲ್ಲಿ ನಟರ ಹೆಸರು, ಚಿತ್ರದ ಸಂಖ್ಯೆ ಇರುತ್ತದೆ. ಸ್ಟುಡಿಯೋಗಳು ಒಂದೇ ಉಡುಪನ್ನು ಹಿಡಿಸಿ ಬಿಡಿಸಿ ಹಲವು ಚಿತ್ರಗಳಿಗೆ ಬಳಸುತ್ತಿದ್ದುದರಿಂದ ಎರಡು ಮೂರು ಹೆಸರಿದ್ದರೆ ಗಾಬರಿಯಾಗಬೇಡಿ.

1939ರ ‘ದಿ ವಿಝರ್ಡ್ ಆಫ್ ಆಝ್’ನ ಕೆಂಪು ಚಪ್ಪಲಿಗಳನ್ನು ನೋಡಿ. 1970ರಲ್ಲಿ ಎಂಜಿಎಂ ಸ್ಟುಡಿಯೋದ ಸಾಮಾನು ಹರಾಜಾದಾಗ ಒಂದು ಜೋಡಿಗೆ 15,000 ಡಾಲರ್ ಬಂತು. ಇನ್ನೊಂದು ಜೋಡಿ 2005ರಲ್ಲಿ ಮಿನ್ನೆಸೋಟದ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2018ರಲ್ಲಿ ಎಫ್‌ಬಿಐಗೆ ಸಿಕ್ಕಿ, 2024ರ ಡಿಸೆಂಬರಿನಲ್ಲಿ ಪ್ರೀಮಿಯಂ ಸೇರಿ 3.25 ಕೋಟಿ ಡಾಲರಿಗೆ ಹೋಯಿತು. ಸಿಕ್ಕ ಜೋಡಿಯನ್ನು ಸ್ಮಿತ್‌ಸೋನಿಯನ್ ಸಂಗ್ರಹಾಲಯದ ಜೋಡಿಯ ಪಕ್ಕ ಇಟ್ಟಾಗ, ಇಲ್ಲಿಯ ಎಡಗಾಲಿನದು ಅಲ್ಲಿಯ ಬಲಗಾಲಿಗೆ ಹೊಂದುತ್ತಿತ್ತು. ಎರಡೂ ಜೋಡಿ ಯಾವಾಗಲೋ ಅದಲುಬದಲಾಗಿದ್ದವು. ಅಸಲಿ ಎನ್ನಲು ಇದೊಂದು ದೊಡ್ಡ ಸಾಕ್ಷಿಯಾಯಿತು. ಎಷ್ಟೇ ಪ್ರಮಾಣಪತ್ರ ಕೊಟ್ಟರೂ ವಸ್ತುವೇ ನುಡಿಯುವ ಇಂಥ ಸಾಕ್ಷ್ಯಕ್ಕೆ ಸಮವಲ್ಲ.

ಬಳಸಿದ ಬಟ್ಟೆಗಳ ಆಮದಿಗೆ ಭಾರತದಲ್ಲಿ ನಿರ್ಬಂಧವಿದೆ. ಉಡುಪು ಕೊಳ್ಳುವವರು ಕಸ್ಟಮ್ಸ್ ಏಜೆಂಟರನ್ನು ವಿಚಾರಿಸದೆ ಬಿಡ್ ಹಾಕಬಾರದು.

ಜೀನ್ ಹಾರ್ಲೋ ಸಹಿ ಇರುವ ಫೋಟೊ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಲೇ? (ಶಿವಮೊಗ್ಗ)

1930ರ ದಶಕದ ಹಾಲಿವುಡ್ ತಾರೆ ಹಾರ್ಲೋ ಅಭಿಮಾನಿಗಳಿಗೆ ಕಳಿಸಿದ ಫೋಟೊಗಳಲ್ಲಿ ಬಹುಪಾಲಿಗೆ ಸಹಿ ಹಾಕಿದವರು ಆಕೆಯ ತಾಯಿ. ಕಡಿಮೆ ಬೆಲೆಯ ಗುಟ್ಟು ಅದೇ ಇರಬೇಕು. ಇಂಥ ಸಹಿಗಳಿಗೆ ಲೇಖನಿಯೇ ಮೊದಲ ಪರೀಕ್ಷೆ. ಅಮೆರಿಕದ ಅಂಗಡಿಗೆ ಬಾಲ್‌ಪೆನ್ ಬಂದದ್ದು 1945ರ ಕೊನೆಗೆ, ಶಾರ್ಪಿ ಮಾರ್ಕರ್ 1964ರಲ್ಲಿ. ಹಾರ್ಲೋ ತೀರಿಕೊಂಡದ್ದು 1937, ಕ್ಯಾರೊಲ್ ಲೊಂಬಾರ್ಡ್ 1942, ಹಂಫ್ರಿ ಬೊಗಾರ್ಟ್ 1957. ಉಳಿದದ್ದು ನೀವೇ ಹೇಳಬಲ್ಲಿರಿ. ಸಹಿಯೇ ಬೇಕೆಂದಿದ್ದರೆ ಬ್ಯಾಂಕು ತೀರಿಸಿದ ಚೆಕ್ಕು ಅಥವಾ ಸ್ಟುಡಿಯೋ ಒಪ್ಪಂದಪತ್ರದ ಮೇಲಿನದನ್ನು ನೋಡಿ. ಅಲ್ಲಿ ಬೇರೆಯವರು ಸಹಿ ಹಾಕುವ ಸಂಭವ ಕಡಿಮೆ.

ಆಸ್ಕರ್ ಪ್ರತಿಮೆ ಹರಾಜಿನಲ್ಲಿ ಕೊಳ್ಳಬಹುದೇ? (ತುಮಕೂರು)

1950ಕ್ಕಿಂತ ಮುಂಚಿನವು ಮಾತ್ರ ನಿರಾತಂಕವಾಗಿ ಮಾರಾಟಕ್ಕೆ ಬರುತ್ತವೆ. ಆಮೇಲಿನವರು, ಮಾರುವುದಿದ್ದರೆ ಮೊದಲು ಅಕಾಡೆಮಿಗೇ ಕೊಡುತ್ತೇವೆ ಎಂದು ಬರೆದುಕೊಟ್ಟಿರುತ್ತಾರೆ. ಈಗ ಅದರ ಬೆಲೆ ಒಂದು ಡಾಲರ್. ‘ಸಿಟಿಝನ್ ಕೇನ್’ಗೆ ಆರ್ಸನ್ ವೆಲ್ಸ್ ಪಡೆದದ್ದು 2011ರಲ್ಲಿ 8,61,542 ಡಾಲರಿಗೆ ಹೋಯಿತು. ನಮ್ಮ ಭಾನು ಅಥೈಯಾ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕೆ ಪಡೆದ ಆಸ್ಕರನ್ನು 2012ರಲ್ಲಿ ತಾವೇ ಅಕಾಡೆಮಿಯ ಸುಪರ್ದಿಗೆ ಕೊಟ್ಟರು.

1940ರ ಚಿತ್ರದ 35 ಎಂ.ಎಂ. ರೀಲಿನ ತುಂಡು ಕೊಳ್ಳಬಹುದೇ? (ಬಳ್ಳಾರಿ)

ಬೇಡ. ಆ ಕಾಲದ 35 ಎಂ.ಎಂ. ರೀಲು ಸುಲಭವಾಗಿ ಬೆಂಕಿ ಹತ್ತುವ ನೈಟ್ರೇಟ್ ಫಿಲ್ಮ್ ಆಗಿರುವುದೇ ಹೆಚ್ಚು. ಹತ್ತಿಕೊಂಡರೆ ನೀರಿಗೂ ಆರುವುದಿಲ್ಲ.

ನಮ್ಮದು ಸಮುದ್ರದ ಪಕ್ಕದ ಮನೆ. ಮಳೆಗಾಲದಲ್ಲಿ ಲಾಬಿ ಕಾರ್ಡುಗಳನ್ನು ಹೇಗೆ ಕಾಪಾಡಲಿ? (ಮಂಗಳೂರು)

ಒಂದೊಂದನ್ನೂ ಪಾಲಿಯೆಸ್ಟರ್ ಕವರಿನಲ್ಲಿ, ಮೈಲಾರ್ ಎಂದು ಕೇಳಿದರೆ ಸಿಗುತ್ತದೆ, ಹಿಂದೆ ಆಮ್ಲರಹಿತ ಬೋರ್ಡ್ ಕೊಟ್ಟು ಇಡಿ. ಸ್ಟೇಷನರಿ ಅಂಗಡಿಯ ಪಿವಿಸಿ ಕವರು ವರ್ಷಗಳಲ್ಲಿ ಅಂಟಂಟಾಗಿ ಶಾಯಿಯನ್ನು ಎತ್ತಿಕೊಂಡುಬಿಡುತ್ತದೆ. ಕವರಿನ ಎರಡು ಬದಿ ತೆರೆದಿರಲಿ. ಪೂರ್ತಿ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿದು ಕಂದು ಚುಕ್ಕೆ ಏಳುತ್ತದೆ. ಪ್ಲೈವುಡ್ ಕಪಾಟಿಗಿಂತ ಉಕ್ಕಿನ ಬೀರು ಒಳ್ಳೆಯದು, ಪ್ಲೈವುಡ್ಡಿನಿಂದ ಆಮ್ಲದ ಆವಿ ಬರುತ್ತದೆ. ಬೀರುವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಈಚೆ ನಿಲ್ಲಿಸಿ, ಕೆಳಗಿನ ಅರೆ ಖಾಲಿ ಬಿಡಿ.

ನೂರಿನ್ನೂರು ರೂಪಾಯಿಯ ತೇವಮಾಪಕವೊಂದನ್ನು ಒಳಗಿಡಿ. ಶೇ 50ರ ಆಸುಪಾಸು ಇದ್ದರೆ ಚೆನ್ನ, 65 ದಾಟಿದರೆ ಬೂಷ್ಟು ಹಿಡಿಯುವ ಅಪಾಯ. ಸಿಲಿಕಾ ಜೆಲ್ ಪೊಟ್ಟಣ ಸಾಕಾಗುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಣ್ಣ ತಿರುಗಿದಾಗಲೆಲ್ಲ ಹೊರತೆಗೆದು ಬಿಸಿಮಾಡಿ ಒಣಗಿಸಬೇಕು. ಅಲ್ಲಿಗೇ ಹಾಕಿ ಮರೆತರೆ ಅದು ಹೀರಿದ ತೇವವನ್ನೇ ಮರಳಿ ಬಿಡುತ್ತದೆ. ನುಸಿಗುಳಿಗೆ ಹಾಕಬೇಡಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲೇಬೇಡಿ, ಅದರ ಗೋಂದು ಕಾಗದದೊಳಗಿಳಿದು ಹಳದಿ ಕಲೆಯಾಗುತ್ತದೆ. ಗೋಡೆಗೆ ಹಾಕುವ ಆಸೆಯಿದ್ದರೆ ಒಳ್ಳೆಯ ಸ್ಕ್ಯಾನ್ ಪ್ರತಿಯನ್ನು ಫ್ರೇಮ್ ಮಾಡಿಸಿ, ಅಸಲಿ ಬೀರುವಿನಲ್ಲಿರಲಿ. ಅಸಲಿಯನ್ನೇ ಹಾಕುತ್ತೇನೆ ಅನ್ನುವವರು ಗಾಜಿಗೂ ಕಾರ್ಡಿಗೂ ನಡುವೆ ಕಾಲು ಇಂಚು ಸಂದು ಬಿಡಿಸಿ. ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಂಡ ಕಾರ್ಡು ಬಿಡಿಸುವಾಗ ಚಿತ್ರ ಗಾಜಿನಲ್ಲೇ ಉಳಿಯುತ್ತದೆ.